ಎರಡನೇ ವಿಡಿಯೋ ಯಾವಾಗ ಹಾಕ್ತೀರಿ?

ಬೆಂಗಳೂರಿನ ಲೈಫ್‌ಸ್ಟೈಲ್ ಇನ್‌ಫ್ಲುಯೆನ್ಸರ್‌ಗಳಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ನಿಮ್ಮಲ್ಲಿ ಹಲವರನ್ನು ತುಂಬ ದಿನದಿಂದ ನೋಡುತ್ತಾ ಬಂದಿದ್ದೇನೆ. ನಿಮ್ಮಿಂದ ಕಲಿತದ್ದೂ ಇದೆ. ಬಾಲ್ಕನಿಯಲ್ಲಿ ಸೊಪ್ಪು ಬೆಳೆಯೋದು, ಹಳೇ ರೇಷ್ಮೆ ಸೀರೆಯಲ್ಲಿ ಮಕ್ಕಳಿಗೆ ಲಂಗ ಹೊಲಿಸೋದು, ಚಿಕ್ಕಪೇಟೆಯಲ್ಲಿ ಯಾವ ಗಲ್ಲಿಗೆ ಹೋದರೆ ಏನು ಸಿಗುತ್ತೆ ಅನ್ನೋದು, ಎಲ್ಲ ನಿಮ್ಮ ವಿಡಿಯೋಗಳಿಂದಲೇ ಗೊತ್ತಾಗಿದ್ದು. ಹಾಗಾಗಿ ದ್ವೇಷದಿಂದ ಬರೆಯುತ್ತಿಲ್ಲ. ನಿಮಗೆ ಒಳ್ಳೆ ಮನೆ ಇದೆ, ಕಾರಿದೆ, ವರ್ಷಕ್ಕೊಮ್ಮೆ ಫಾರಿನ್ ಟ್ರಿಪ್ ಇದೆ ಅಂತ ಹೊಟ್ಟೆಕಿಚ್ಚೂ ಇಲ್ಲ. ದುಡಿದು ಸಂಪಾದಿಸಿದ್ದೀರಿ, ಸುಖವಾಗಿರಿ.

ನನ್ನ ತಕರಾರು ಇರೋದು ನೀವು ಊರಿನ ಕಷ್ಟವನ್ನು ಎತ್ತಿಕೊಳ್ಳುವ ರೀತಿಯ ಬಗ್ಗೆ. ನೀರಿಲ್ಲ ಅಂದಾಗ ಒಂದು ವಿಡಿಯೋ. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿದಾಗ ಒಂದು ವಿಡಿಯೋ. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ, ಅವತ್ತು ಒಂದು ಫೋಟೋ. ಮಾರ್ಚ್ 8 ಬಂದರೆ ಇನ್ನೊಂದು. ಗಂಭೀರವಾದ ಮುಖ, ಹಿಂದೆ ಮೆಲ್ಲಗೆ ಪಿಟೀಲು, ಕೊನೆಗೆ "ನಿಮಗೇನನ್ನಿಸುತ್ತೆ, ಕಾಮೆಂಟ್ ಮಾಡಿ". ಲಕ್ಷಾಂತರ ಜನ ನೋಡುತ್ತಾರೆ. ಸಾವಿರಾರು ಜನ ಕೈ ಮುಗಿದಿರೋ ಇಮೋಜಿ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಆ ವಿಷಯ ಮುಂದೇನಾಯಿತು, ನೀರು ಬಂತಾ, ಕೆರೆ ಸರಿಹೋಯಿತಾ, ಫೋಟೋದಲ್ಲಿದ್ದ ಆ ಪೌರಕಾರ್ಮಿಕ ಹೆಂಗಸಿಗೆ ಸಂಬಳ ಸಿಕ್ಕಿತಾ ಅಂತ ಹೇಳುವ ಎರಡನೇ ವಿಡಿಯೋ ಬರೋದೇ ಇಲ್ಲ. ನಾನು ಹುಡುಕಿ ನೋಡಿದ್ದೇನೆ. ನಿಮ್ಮಲ್ಲಿ ಬೆರಳೆಣಿಕೆಯ ಕೆಲವರನ್ನು ಬಿಟ್ಟರೆ ಯಾರದ್ದೂ ಸಿಗಲಿಲ್ಲ.

2024ರ ಮಾರ್ಚ್ ತಗೊಳ್ಳಿ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಊರಿನ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿಹೋಗಿವೆ ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದರು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಖಾಸಗಿ ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳೋಕೆ ಶುರು ಮಾಡಿದ ಮೇಲೆ ಜಿಲ್ಲಾಡಳಿತ ದರ ಕಟ್ಟಿತು. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರ್‌ಗೆ 1,000 ರೂಪಾಯಿ. ಆ ದರಕ್ಕೆ ನಮ್ಮ ಬೀದಿಗೆ ಟ್ಯಾಂಕರ್ ಬಂದಿದ್ದನ್ನು ನಾನಂತೂ ನೋಡಲಿಲ್ಲ.

ನಮ್ಮದು 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಲ್ಲಿ ಒಂದು. ಊರಿನ ದಕ್ಷಿಣದ ಅಂಚು. 2024ರ ಹೊತ್ತಿಗೆ ರಸ್ತೆ ಅಗೆದು ಪೈಪ್ ಹಾಕಿದ್ದರು, ಕಾವೇರಿ ಇನ್ನೂ ಬಂದಿರಲಿಲ್ಲ. ಬಳಸೋಕೆ ಬೋರ್ ನೀರು, ಕುಡಿಯೋಕೆ ಶುದ್ಧ ನೀರಿನ ಘಟಕ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತೆ. ಆ ಮಾರ್ಚ್‌ನಲ್ಲಿ ಮನೆಗೊಂದೇ ಕ್ಯಾನ್ ಅಂತ ಮಾಡಿದ್ದರು. ಜನ ಬೆಳಗಿನ ಜಾವವೇ ಖಾಲಿ ಕ್ಯಾನ್ ತಂದು ಸಾಲಲ್ಲಿ ಇಟ್ಟು, ಮನೆಗೆ ಹೋಗಿ ಅಡುಗೆ ಮುಗಿಸಿ ಮತ್ತೆ ಬರುತ್ತಿದ್ದರು.

ಅಂಥ ಒಂದು ಬೆಳಗ್ಗೆ ನಿಮ್ಮಲ್ಲೊಬ್ಬರು ನಮ್ಮ ಘಟಕಕ್ಕೆ ಬಂದರು. ಹೆಸರು ಹೇಳುವುದಿಲ್ಲ, ಬೇಕಾಗಿಯೂ ಇಲ್ಲ. ಜೊತೆಗೆ ಕ್ಯಾಮೆರಾ ಹಿಡಿದ ಹುಡುಗ. ಸಾಲಲ್ಲಿ ಮುಂದೆ ನಿಂತಿದ್ದ ಒಬ್ಬ ಅಕ್ಕನನ್ನು ಮಾತಾಡಿಸಿದರು. ಆ ಅಕ್ಕ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಾರೆ. ಆ ವಾರವಷ್ಟೇ ನಮ್ಮ ಬೀದಿಯ ಮನೆಮನೆಗೂ ಹೋಗಿ ಸಹಿ ಹಾಕಿಸಿ, ಜಲಮಂಡಳಿ ಆಫೀಸಿಗೆ ಅರ್ಜಿ ಕೊಟ್ಟು ಬಂದಿದ್ದರು. ಯಾವ ಬೋರ್‌ನ ಮೋಟರ್ ಸುಟ್ಟಿದೆ, ಎಷ್ಟು ವಾರದಿಂದ ರಿಪೇರಿ ಆಗಿಲ್ಲ, ಇಂಜಿನಿಯರ್ ಏನಂದರು, ವಾಲ್ವ್‌ಮನ್ ಯಾವ ಕಡೆಗೆ ಜಾಸ್ತಿ ನೀರು ಬಿಡುತ್ತಾರೆ, ಎಲ್ಲ ಅವರ ಬಾಯಲ್ಲೇ ಇತ್ತು. ಎಲ್ಲವನ್ನೂ ಹೇಳಿದರು. ಕ್ಯಾಮೆರಾ ಓಡುತ್ತಲೇ ಇತ್ತು. ಆಮೇಲೆ ಅವರ ಕೈಯಲ್ಲಿದ್ದ ಕ್ಯಾನ್ ಕೆಳಗಿಡಿಸಿ, ಪಕ್ಕದವರ ಪ್ಲಾಸ್ಟಿಕ್ ಬಿಂದಿಗೆ ಕೊಡಿಸಿದರು. "ಸ್ವಲ್ಪ ಈ ಕಡೆ ನೋಡಿ ಅಕ್ಕಾ. ನಗಬೇಡಿ."

ಆ ಅಕ್ಕನ ಮಗಳು ನನ್ನ ಹತ್ತಿರ ಟ್ಯೂಷನ್‌ಗೆ ಬರುತ್ತಾಳೆ. ಒಂದು ಸಂಜೆ ಫೋನ್ ತಂದು ತೋರಿಸಿದಳು. "ಮಿಸ್, ನಮ್ಮಮ್ಮ ಬಂದಿದ್ದಾರೆ." ನೋಡಿದೆ. ಸೊಂಟದ ಮೇಲೆ ಬಿಂದಿಗೆ, ಬಾಡಿದ ಮುಖ, ನಿಧಾನಕ್ಕೆ ಓಡುವ ಚಿತ್ರ. ಒಂದೇ ಒಂದು ಮಾತಿಲ್ಲ, ಬರೀ ಸಂಗೀತ. ಮೇಲೆ ಬರೆದಿತ್ತು, "ಧ್ವನಿ ಇಲ್ಲದವರಿಗೆ ನಾವು ಧ್ವನಿಯಾಗೋಣ". ಆಮೇಲೆ ವಿಡಿಯೋ ಮಾಡಿದವರ ಮನೆ. ನಲ್ಲಿಗೆ ನೀರು ಕಮ್ಮಿ ಬರುವಂತೆ ಮಾಡುವ ಏರೇಟರ್ ಹಾಕಿಸಿ, ಶವರ್ ಬೇಡ ಬಕೆಟ್ ಸ್ನಾನ ಮಾಡಿ, ಅಕ್ಕಿ ತೊಳೆದ ನೀರು ಗಿಡಕ್ಕೆ ಹಾಕಿ ಅಂತ ಸಲಹೆ. ದಿನಕ್ಕೊಂದು ಕ್ಯಾನ್‌ನಲ್ಲಿ ಸಂಸಾರ ನಡೆಸುವವರ ಚಿತ್ರ ತೋರಿಸಿ, ಅದರ ಕೆಳಗೆ ನೀರು ಉಳಿಸೋ ಪಾಠ.

ಹುಡುಗಿ ಕೇಳಿದಳು, "ನಮ್ಮಮ್ಮ ಅಷ್ಟೊತ್ತು ಮಾತಾಡಿದ್ರಲ್ಲ ಮಿಸ್, ಅದನ್ನ ಯಾಕೆ ಹಾಕಿಲ್ಲ?"

ಈ ಪತ್ರ ಬರೆಯೋಕೆ ಆ ಪ್ರಶ್ನೆಯೇ ಕಾರಣ. ಆ ಅಕ್ಕನಿಗೆ ಧ್ವನಿ ಇತ್ತು. ನಮ್ಮ ಬೀದಿಯಲ್ಲಿ ಅವರಿಗಿರುವಷ್ಟು ಗಟ್ಟಿ ಧ್ವನಿ ಇನ್ಯಾರಿಗೂ ಇಲ್ಲ. ಅವರ ಮಾತಲ್ಲಿ ಒಂದು ಆಫೀಸಿನ ಹೆಸರಿತ್ತು, ಒಬ್ಬ ಅಧಿಕಾರಿಯ ಹುದ್ದೆ ಇತ್ತು, ಒಂದು ದಿನಾಂಕ ಇತ್ತು. ಅದು ಹಾಗೇ ಹೊರಗೆ ಬಂದಿದ್ದರೆ ಯಾರಾದರೂ ಉತ್ತರ ಹೇಳಬೇಕಾಗುತ್ತಿತ್ತು. ಅದನ್ನೇ ಕತ್ತರಿಸಿ ತೆಗೆದರು. ಮಾತು ತೆಗೆದು ಮುಖ ಉಳಿಸಿಕೊಂಡರು.

ಈಗ ಎರಡನೇ ವಿಡಿಯೋಗೆ ಬರೋಣ. ಅದಕ್ಕೆ ಬೇಕಾದಷ್ಟು ವಿಷಯ ಇತ್ತು. 2024ರ ಅಕ್ಟೋಬರ್ 16ರಂದು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆ ಆಯಿತು. ಅಲ್ಲಿವರೆಗೆ ಊರಿಗೆ ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು. ಈ ಹಂತದಿಂದ ಇನ್ನೂ 77.5 ಕೋಟಿ ಲೀಟರ್ ಸೇರುತ್ತೆ, ಅದು ಮುಖ್ಯವಾಗಿ ನಮ್ಮಂಥ 110 ಹಳ್ಳಿಗಳಿಗೆ ಅಂದರು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆತ್ತಿ ತರುವ ನೀರದು. ಆದರೆ ಬೀದಿಗೆ ಪೈಪ್ ಬಂದರೆ ಮನೆಗೆ ನೀರು ಬಂದಂತೆ ಅಲ್ಲ. ಸಂಪರ್ಕಕ್ಕೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ಅರ್ಜಿ ಹಾಕಬೇಕಾದವರು ಮನೆ ಓನರ್. ಶೀಟಿನ ಮನೆಯಲ್ಲಿ ಬಾಡಿಗೆಗೆ ಇರುವವರಿಗೆ ಓನರ್ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2025ರ ಏಪ್ರಿಲ್‌ನಲ್ಲಿ ನೀರಿನ ದರವೂ ಏರಿತು, 2014ರ ನಂತರ ಮೊದಲ ಸಲ. ಅರ್ಜಿ ಎಲ್ಲಿ ಹಾಕೋದು, ಎಷ್ಟು ಕಟ್ಟೋದು, ಓನರ್ ಒಪ್ಪದಿದ್ದರೆ ಏನು ಮಾಡೋದು, ದೂರು ಯಾರಿಗೆ ಕೊಡೋದು? ನಿಮ್ಮನ್ನು ಫಾಲೋ ಮಾಡುವ ಲಕ್ಷಗಟ್ಟಲೆ ಜನರಲ್ಲಿ ಎಷ್ಟೋ ಮಂದಿಗೆ ಇದು ಬೇಕಿತ್ತು. ಬಿಂದಿಗೆ ಹಿಡಿಸಿ ಚಿತ್ರ ತೆಗೆದವರ ಪೇಜ್‌ನಲ್ಲಿ ಇದರ ಬಗ್ಗೆ ಒಂದು ಸಾಲು ಇಲ್ಲ.

ಪ್ರಿವಿಲೇಜ್ ಅಂದ ತಕ್ಷಣ ಎಲ್ಲರೂ ದುಡ್ಡಿನ ಲೆಕ್ಕಕ್ಕೆ ಇಳಿಯುತ್ತಾರೆ. ಯಾರ ಅಪ್ಪನಿಗೆ ಎಷ್ಟು ಸೈಟಿತ್ತು, ಯಾರು ಯಾವ ಕಾನ್ವೆಂಟಲ್ಲಿ ಓದಿದರು ಅಂತ. ನನ್ನ ಕಣ್ಣಿಗೆ ಬೀಳೋದು ಬೇರೆ. ಒಂದು ಕಷ್ಟದಿಂದ ಬೇಕೆಂದಾಗ ಎದ್ದು ಹೋಗುವ ಅನುಕೂಲ. ಏಪ್ರಿಲ್ ಬಂದಾಗ ನೀವು ಮಾವಿನ ಹಣ್ಣಿನ ರೆಸಿಪಿಗೆ ಹೋದಿರಿ. ನಮ್ಮ ಬೀದಿಯವರಿಗೆ ಹಾಗೆ ಹೋಗೋಕೆ ಜಾಗ ಇರಲಿಲ್ಲ. ಅವರು ಏಪ್ರಿಲ್‌ನಲ್ಲೂ ಅದೇ ಸಾಲಲ್ಲಿ ನಿಂತಿದ್ದರು, ಮೇನಲ್ಲೂ ನಿಂತಿದ್ದರು.

ಇದು ನೀರಿನ ಒಂದು ಕಥೆ ಆಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. 2020ರ ಜೂನ್ 2 ನೆನಪಿಸಿಕೊಳ್ಳಿ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಜನಾಂಗದವರೊಬ್ಬರು ಸತ್ತು ಒಂದು ವಾರ ಆಗಿತ್ತು. ಅವತ್ತು ಅದಕ್ಕೆ ಪ್ರತಿಭಟನೆಯಾಗಿ ಜಗತ್ತಿನ ತುಂಬ ಇನ್‌ಸ್ಟಾಗ್ರಾಮ್‌ನಲ್ಲಿ ಕಪ್ಪು ಚೌಕ. ಬೆಂಗಳೂರಿನಲ್ಲೂ ಅಷ್ಟೇ. ಆ ಸಾವಿಗೆ ಮರುಗಿದ್ದು ಸರಿಯೇ, ಮರುಗಬೇಕಾದ್ದೇ. ಆದರೆ ಏನಾಯಿತು ಗೊತ್ತಾ? ಪ್ರತಿಭಟನೆಯ ಮಾಹಿತಿ ಹಂಚಿಕೊಳ್ಳುತ್ತಿದ್ದ ಹ್ಯಾಷ್‌ಟ್ಯಾಗ್‌ನಲ್ಲೇ ಕಪ್ಪು ಚೌಕಗಳು ತುಂಬಿ, ಕೆಲಸದ ಮಾಹಿತಿ ಹುಡುಕಿದರೂ ಸಿಗದಂತಾಯಿತು. ದಯವಿಟ್ಟು ಆ ಟ್ಯಾಗ್ ಹಾಕಬೇಡಿ ಅಂತ ಹೋರಾಟದಲ್ಲಿದ್ದವರೇ ಕೇಳಿಕೊಳ್ಳಬೇಕಾಯಿತು.

ಅದಕ್ಕೆ ಒಂದು ತಿಂಗಳ ಹಿಂದೆ ನಮ್ಮ ಊರಲ್ಲಿ ಏನು ನಡೆದಿತ್ತು? ಲಾಕ್‌ಡೌನ್‌ನಲ್ಲಿ ಸಿಕ್ಕಿಕೊಂಡ ಕಟ್ಟಡ ಕಾರ್ಮಿಕರು ಬಿಹಾರಕ್ಕೆ, ಜಾರ್ಖಂಡ್‌ಗೆ, ಉತ್ತರ ಪ್ರದೇಶಕ್ಕೆ ಹೋಗೋಕೆ ರೈಲು ಕಾಯುತ್ತಿದ್ದರು. ಮೇ ಮೊದಲ ವಾರ ಬಿಲ್ಡರ್‌ಗಳ ಜೊತೆ ಸಭೆ ಆದ ಮೇಲೆ ರಾಜ್ಯ ಸರ್ಕಾರ ಆ ರೈಲುಗಳನ್ನೇ ಬೇಡ ಅಂತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಮತ್ತೆ ಬಿಟ್ಟರು. ನೀವಿರುವ ಅಪಾರ್ಟ್‌ಮೆಂಟ್‌ಗಳಿಗೆ ಇಟ್ಟಿಗೆ ಹೊತ್ತವರು ಅವರು. ಆ ವಾರ ನಾನು ಫಾಲೋ ಮಾಡುವ ಪೇಜ್‌ಗಳಲ್ಲಿ ಕಾಫಿ ಕಡೆಯುವುದು ಬಂತು, ಬಾಳೆಹಣ್ಣಿನ ಬ್ರೆಡ್ ಬಂತು. ರೈಲಿನ ಸುದ್ದಿ ಬರಲಿಲ್ಲ. ದೂರದ ಅನ್ಯಾಯಕ್ಕೆ ಮರುಗಿದರೆ ಇಲ್ಲಿ ಯಾರಿಗೂ ನೋವಾಗಲ್ಲ. ಇಲ್ಲಿಯ ಬಿಲ್ಡರ್ ಹೆಸರು ಎತ್ತಿದರೆ ಆಗುತ್ತೆ.

ಬಟ್ಟೆ ವಿಷಯದಲ್ಲಿ ನನಗೆ ಇನ್ನೂ ಜಾಸ್ತಿ ಬೇಜಾರಿದೆ, ಯಾಕಂದರೆ ನಮ್ಮ ಬೀದಿಯ ಅರ್ಧ ಹೆಂಗಸರು ಗಾರ್ಮೆಂಟ್ಸ್‌ಗೆ ಹೋಗುವವರು. ನಿಮ್ಮಲ್ಲಿ ಫ್ಯಾಷನ್ ವಿಡಿಯೋ ಮಾಡುವ ಕೆಲವರು ಪ್ರತಿ ಏಪ್ರಿಲ್‌ನಲ್ಲಿ ಷರ್ಟಿನ ಲೇಬಲ್ ತಿರುವಿ ಹಿಡಿದು "ನನ್ನ ಬಟ್ಟೆ ಹೊಲಿದವರು ಯಾರು?" ಅಂತ ಫೋಟೋ ಹಾಕುತ್ತೀರಿ. ಅದರ ಹಿಂದಿನ ಕಥೆ ಗೊತ್ತಿರಬಹುದು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ಸಾವರ್‌ನಲ್ಲಿ ರಾಣಾ ಪ್ಲಾಜಾ ಅನ್ನೋ ಕಟ್ಟಡ ಕುಸಿಯಿತು. 1,100ಕ್ಕೂ ಜಾಸ್ತಿ ಜನ ಸತ್ತರು, ಹೆಚ್ಚಿನವರು ಹೊಲಿಗೆ ಕೆಲಸದವರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿದ್ದು ಕಂಡಿತ್ತು. ಆದರೂ ಬೆಳಗ್ಗೆ ಒಳಗೆ ಕಳಿಸಿದರು.

ಒಳ್ಳೇ ಪ್ರಶ್ನೆ ಅದು, ಬಟ್ಟೆ ಹೊಲಿದವರು ಯಾರು ಅನ್ನೋದು. ಉತ್ತರ ಹುಡುಕೋಕೆ ಢಾಕಾಗೆ ಹೋಗಬೇಕಿಲ್ಲ. ಬೊಮ್ಮನಹಳ್ಳಿಯಲ್ಲಿದೆ, ಪೀಣ್ಯದಲ್ಲಿದೆ, ಮೈಸೂರು ರಸ್ತೆಯಲ್ಲಿದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಎರಡು ಹೊತ್ತಿನ ಅಡುಗೆ ಮಾಡಿಟ್ಟು ಬಸ್ಸು ಹಿಡಿಯುತ್ತಾರೆ. ಲೈನ್‌ನಲ್ಲಿ ಕೂತರೆ ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್. ಬೋರ್ಡಲ್ಲಿ ಬರೆದಿರುತ್ತೆ. ಕಮ್ಮಿ ಆದರೆ ಎಲ್ಲರೆದುರು ಬೈಗುಳ. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕಾಗುತ್ತೆ ಅಂತ ನೀರೇ ಕುಡಿಯದವರು ನನಗೆ ಗೊತ್ತು. ಆ ಷರ್ಟ್ ಅಮೆರಿಕಕ್ಕೆ, ಯುರೋಪಿಗೆ ಹೋಗಿ, ಸುತ್ತಿ ಬಂದು ನೀವು ಕೊಂಡು ತಂದ ಬಟ್ಟೆ ತೋರಿಸುವ ವಿಡಿಯೋದಲ್ಲಿ ಕಾಣಿಸಿಕೊಳ್ಳುತ್ತೆ.

ಆ ಹೆಂಗಸರೇ 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಸಾವಿರಾರು ಜನ. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿತ್ತು. ಕಂಪನಿ ಹಾಕುವ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ. ಗಾರ್ಮೆಂಟ್ಸ್‌ನವರಿಗೆ ಪಿ.ಎಫ್. ಅಂದರೆ ಮಗಳ ಕಾಲೇಜು ಫೀಸು, ಊರಲ್ಲಿ ಮಾಡಿದ ಸಾಲ, ಕೆಲಸ ಬಿಟ್ಟಾಗ ಮೂರು ತಿಂಗಳ ಅಕ್ಕಿ. ಆ ಎರಡು ದಿನ ಲಾಠಿ ಏಟು ಬಿತ್ತು. ಬಸ್ಸು ಸುಟ್ಟ ಹಿಂಸೆಯೂ ನಡೆಯಿತು. ಅದನ್ನು ಯಾರೂ ಸರಿ ಅನ್ನಲಾರರು. ಆದರೆ 19ರಂದೇ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ತಗೊಂಡಿತು, ಅದೂ ಇಡೀ ದೇಶಕ್ಕೆ. ದೇಶದ ಕೋಟ್ಯಂತರ ನೌಕರರ ಪಿ.ಎಫ್. ಉಳಿಸಿದವರು ನಮ್ಮ ಬೆಂಗಳೂರಿನ ಹೊಲಿಗೆ ಹೆಂಗಸರು. ಐ.ಟಿ. ಕಂಪನಿಯಲ್ಲಿರುವ ನಿಮ್ಮ ಗಂಡ, ಅಣ್ಣ, ಗೆಳತಿಯ ಪಿ.ಎಫ್. ಕೂಡ ಅದರಲ್ಲಿದೆ.

ಲೇಬಲ್ ತಿರುವಿ ಪ್ರಶ್ನೆ ಕೇಳುವ ಫೋಟೋ ಕೆಳಗೆ ಇವರ ಕಥೆ ಬರೆದವರನ್ನು ನಾನು ಇನ್ನೂ ನೋಡಿಲ್ಲ. ಟ್ಯೂಷನ್‌ಗೆ ಬರುವ ಹುಡುಗಿಯರಿಗೆ ಕೇಳಿದೆ. ರಾಣಾ ಪ್ಲಾಜಾ ಹೆಸರು ಇಬ್ಬರಿಗೆ ಗೊತ್ತಿತ್ತು, ನಿಮ್ಮಿಂದಲೇ. ಅವರ ಅಮ್ಮಂದಿರು ನಿಂತ ರಸ್ತೆ ಯಾರಿಗೂ ಗೊತ್ತಿರಲಿಲ್ಲ. ಹೋರಾಟ ಅಂದರೆ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಕ್ಯಾಮೆರಾ ಮುಂದೆ ಕಣ್ಣು ತುಂಬಿಕೊಳ್ಳೋದು ಅಂತ ಈ ಮಕ್ಕಳು ಕಲಿಯುತ್ತಿದ್ದಾರೆ. ನನ್ನ ನಿಜವಾದ ಸಂಕಟ ಇದೇ.

ನಿಮ್ಮ ಮನೆ ಒಳಗಿನ ಮಾತೂ ಸ್ವಲ್ಪ ಆಡಬೇಕು. ಬೆಳಗಿನ ದಿನಚರಿ ವಿಡಿಯೋ ನಿಮ್ಮಲ್ಲಿ ಎಲ್ಲರೂ ಮಾಡುತ್ತೀರಿ. ಐದಕ್ಕೆ ಏಳೋದು, ಯೋಗ, ತಾಮ್ರದ ಲೋಟ, ಫಳಫಳ ಹೊಳೆಯುವ ಅಡುಗೆಮನೆ. ಅಂಥದ್ದೊಂದರಲ್ಲಿ ಒಂದು ಕೈ ಕಂಡೆ. ಪರದೆಯ ಎಡ ಮೂಲೆಯಿಂದ ಬಂತು. ಹಸಿರು ಗಾಜಿನ ಬಳೆ, ಮಣಿಕಟ್ಟಿನ ಹತ್ತಿರ ಸುಟ್ಟ ಕಲೆ. ಹೆಚ್ಚಿದ ಬೀನ್ಸ್ ಇದ್ದ ತಟ್ಟೆ ಕಟ್ಟೆ ಮೇಲಿಟ್ಟಿತು. ಅಷ್ಟರಲ್ಲಿ ದೃಶ್ಯ ಬದಲಾಯಿತು. ಕೆಳಗೆ "ಎರಡು ಮಕ್ಕಳು, ಕೆಲಸ, ಮನೆ, ಎಲ್ಲಾ ನಾನೇ ಮ್ಯಾನೇಜ್ ಮಾಡ್ತೀನಿ, ನಿಮಗೂ ಆಗುತ್ತೆ" ಅಂತ ಬರೆದಿತ್ತು. ಅದೇ ಪೇಜ್‌ನಲ್ಲಿ ಮಹಿಳಾ ದಿನದ ವಿಡಿಯೋ ಕೂಡ ಇದೆ. ಹೆಣ್ಣಿನ ದುಡಿಮೆ ಯಾರ ಕಣ್ಣಿಗೂ ಬೀಳಲ್ಲ ಅನ್ನೋದು ಅದರ ವಿಷಯ.

ಮನೆ ಕೆಲಸದವರನ್ನು ಇಟ್ಟುಕೊಳ್ಳೋದು ತಪ್ಪಲ್ಲ. ಅದು ಅವರ ಅನ್ನದ ದಾರಿ. ಅವರನ್ನು ಅಳಿಸಿ, ಅವರ ದುಡಿಮೆಯನ್ನು ನಿಮ್ಮ ಶಿಸ್ತು ಅಂತ ತೋರಿಸೋದು ತಪ್ಪು. ಅದನ್ನು ನೋಡಿ, ಯಾರ ಸಹಾಯವೂ ಇಲ್ಲದ ತಾಯಂದಿರು ತಮ್ಮಲ್ಲೇ ಏನೋ ಕೊರತೆ ಇದೆ ಅಂತ ಕೊರಗುತ್ತಾರೆ. ಮನೆ ಕೆಲಸದವರಿಗೆ ಕನಿಷ್ಠ ವೇತನ ಗೊತ್ತು ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು. 2004ರಲ್ಲೇ ಆಗಿದ್ದು. ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎಷ್ಟು ಜನಕ್ಕೆ ಅದು ಗೊತ್ತು? ಅವರಿಗೆ ವಾರದ ರಜೆ ಇದೆಯಾ? ಬೇರೆ ಲಿಫ್ಟ್ ಬಳಸಿ ಅಂತ ಬೋರ್ಡ್ ಇದೆಯಾ? ಇದರ ಮೇಲೆ ವಿಡಿಯೋ ಮಾಡೋಕೆ ಗೇಟು ದಾಟಬೇಕಾಗಿಯೂ ಇಲ್ಲ.

ಕಸದ್ದೂ ಇದೇ ಥರ. ಒಂದು ತಿಂಗಳ ಕಸ ಒಂದು ಗಾಜಿನ ಬಾಟಲಿಯಲ್ಲಿ ತೋರಿಸುತ್ತೀರಿ, ಒಳ್ಳೇದು. ಆದರೆ ಊರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದವರು 2012ರಲ್ಲಿ, ಮಂಡೂರಿನವರು 2014ರಲ್ಲಿ ಇನ್ನು ನಿಮ್ಮ ಕಸ ನಮ್ಮೂರಿಗೆ ಬೇಡ ಅಂತ ಲಾರಿ ತಡೆದಿದ್ದರಿಂದಲೇ ಈ ಊರು ಕಸ ಬೇರೆ ಮಾಡೋಕೆ ಕಲಿತದ್ದು. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು, ವರ್ಷಾನುಗಟ್ಟಲೆ ಬೀದಿಗಿಳಿದ ಮೇಲೆ. ಸೆಪ್ಟೆಂಬರ್ 23ಕ್ಕೆ ಹಾರ ಹಾಕಿ ಫೋಟೋ ತೆಗೆಸಿಕೊಂಡವರು ಮೇ 1ಕ್ಕೂ ಬರಬಹುದಿತ್ತು.

ಯಾಕೆ ಹೀಗೆ ಅಂತ ಯೋಚಿಸಿದ್ದೇನೆ. ನೀವು ಕೆಟ್ಟವರು ಅಂತ ನನಗೆ ಅನ್ನಿಸಲ್ಲ. ಬ್ರ್ಯಾಂಡ್‌ಗಳಿಗೆ ಒಳ್ಳೆ ಮನಸ್ಸಿನವರು ಬೇಕು, ಜಗಳಗಂಟರು ಬೇಡ. ಹಾಗಾಗಿ ಎದುರಾಳಿಯೇ ಇಲ್ಲದ ಕಷ್ಟಗಳನ್ನು ಆರಿಸಿಕೊಳ್ಳುತ್ತೀರಿ. ಎದುರಾಳಿ ಇದ್ದರೂ ಅವರ ಹೆಸರು ತೆಗೆದುಬಿಡುತ್ತೀರಿ. ಕೊನೆಗೆ ಎಲ್ಲ ಭಾರವೂ ನೋಡುವವರ ಮೇಲೆ. ನೀವು ಬಟ್ಟೆ ಚೀಲ ಹಿಡಿಯಿರಿ, ನೀವು ಬಕೆಟ್ ಸ್ನಾನ ಮಾಡಿ, ನೀವು ಬದಲಾಗಿ. ಅದರ ಹಿಂದೆಯೇ ಆ ಚೀಲದ ಲಿಂಕ್ ಬರುತ್ತೆ. ದುಡ್ಡು ತಗೊಂಡು ಹೇಳಿದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ನಿಯಮ ಬಿಡಿಸಿ ಹೇಳಿದೆ. ಪುರಾವೆ ಇಲ್ಲದೆ ಪರಿಸರಸ್ನೇಹಿ ಅಂತ ಹೇಳಿಕೊಳ್ಳಬಾರದು ಅಂತ 2024ರ ಅಕ್ಟೋಬರ್‌ನಲ್ಲಿ ಇನ್ನೊಂದು ಮಾರ್ಗಸೂಚಿ ಬಂತು. ಕನ್ನಡದಲ್ಲಿ ಮಾತಾಡುವ ವಿಡಿಯೋದ ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಜಾಹೀರಾತು ಅಂತ ಬರೆದರೆ ನಮ್ಮಮ್ಮನಿಗೆ ಏನು ಗೊತ್ತಾಗಬೇಕು?

"ನಾವು ಹೋರಾಟಗಾರರಲ್ಲ, ನಮ್ಮ ಕೈಲಾದಷ್ಟು ಮಾಡ್ತೀವಿ" ಅಂತ ನೀವು ಹೇಳಬಹುದು. ಮಾತಾಡಿದರೆ ಮಾತಾಡಿದ್ದಕ್ಕೆ ಬೈಗುಳ, ಸುಮ್ಮನಿದ್ದರೆ ಸುಮ್ಮನಿದ್ದಕ್ಕೆ ಬೈಗುಳ, ಅದೂ ನಿಜ. ಹೆಣ್ಣುಮಕ್ಕಳ ಪೇಜ್ ಕೆಳಗೆ ಬರುವ ಕೊಳಕು ಕಾಮೆಂಟುಗಳನ್ನು ನಾನೂ ಓದಿದ್ದೇನೆ. ಟ್ರೋಲ್ ಮಾಡುವವರ ಜೊತೆ ನನ್ನನ್ನು ಸೇರಿಸಬೇಡಿ. ನೀವು ಬಾಯಿ ಮುಚ್ಚಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಜಾಸ್ತಿ ಮಾತಾಡಿ ಅಂತಿದ್ದೇನೆ. ಶುರು ಮಾಡಿದ ಮಾತನ್ನು ಮುಗಿಸಿ ಅಂತಿದ್ದೇನೆ.

ಹಾಗೆ ಬಿಡದೆ ನಿಂತರೆ ಏನಾಗುತ್ತೆ ಅಂತ ಈ ಊರು ನೋಡಿದೆ. 2016ರ ಅಕ್ಟೋಬರ್ 16ರಂದು ಸ್ಟೀಲ್ ಫ್ಲೈಓವರ್ ಬೇಡ ಅಂತ ಜನ ಕೈ ಕೈ ಹಿಡಿದು ಸರಪಳಿಯಾಗಿ ನಿಂತರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 1,791 ಕೋಟಿಯ ಯೋಜನೆ, ಎಂಟುನೂರಕ್ಕೂ ಜಾಸ್ತಿ ಮರ ಹೋಗುತ್ತಿದ್ದವು. ಒಂದು ಭಾನುವಾರಕ್ಕೆ ಬಿಡಲಿಲ್ಲ. ದಾಖಲೆ ತೆಗೆಸಿದರು, ಕೋರ್ಟಿಗೆ ಹೋದರು, ಮತ್ತೆ ಮತ್ತೆ ಕೇಳಿದರು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅಲ್ಲಿ ನಿಂತವರಲ್ಲಿ ಅನುಕೂಲಸ್ಥರು ಬೇಕಾದಷ್ಟು ಜನ ಇದ್ದರು. ಇರಲಿ. ಅನುಕೂಲ ಇದ್ದವರು ಅದನ್ನು ಹೀಗೂ ಬಳಸಬಹುದು.

ಇನ್ನೊಂದು ಕಡೆ ಆಶಾ ಕಾರ್ಯಕರ್ತೆಯರು. 2025ರ ಜನವರಿ ಚಳಿಯಲ್ಲಿ ರಾಜ್ಯದ ಮೂಲೆ ಮೂಲೆಯಿಂದ ಫ್ರೀಡಂ ಪಾರ್ಕಿಗೆ ಬಂದು, ಹಗಲು ರಾತ್ರಿ ಅಲ್ಲೇ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡುತ್ತೇವೆ ಅನ್ನೋ ಭರವಸೆ ಪಡೆದು ಎದ್ದರು. ಹೇಳಿದ್ದು ಜಾರಿಯಾಗಲಿಲ್ಲ ಅಂತ ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಬಂದರು. ಅವರ ಹತ್ತಿರ ರಿಂಗ್ ಲೈಟ್ ಇರಲಿಲ್ಲ. ಫ್ರೀಡಂ ಪಾರ್ಕಿನಿಂದ ನೀವು ಬ್ರಂಚ್ ವಿಡಿಯೋ ಮಾಡುವ ಚರ್ಚ್ ಸ್ಟ್ರೀಟ್‌ಗೆ ಆಟೋದಲ್ಲಿ ಹೋದರೆ ತುಂಬ ಹೊತ್ತು ಆಗಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ, ನನಗೆ ತೋಚಿದ್ದು ಇಷ್ಟು. ಯಾರ ಕಷ್ಟ ತೋರಿಸುತ್ತೀರೋ ಅವರ ಮಾತು ಇರಲಿ, ಅವರ ಹೆಸರು ಹಾಕಬಹುದಾ ಅಂತ ಕೇಳಿ, ಹಾಕುವ ಮುಂಚೆ ಅವರಿಗೊಮ್ಮೆ ತೋರಿಸಿ. ಆ ವಿಡಿಯೋದಿಂದ ನಿಮಗೆ ದುಡ್ಡು ಬಂದರೆ, ಒಂದು ದಿನದ ಕೂಲಿ ಬಿಟ್ಟು ನಿಂತವರಿಗೂ ಪಾಲು ಕೊಡಿ. ಯಾವ ಆಫೀಸು, ಯಾವ ಇಲಾಖೆ, ಏನು ಆಗಬೇಕು ಅಂತ ಬಾಯಿ ಬಿಟ್ಟು ಹೇಳಿ. ಪಾಲಿಕೆಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿಯಿತು. ಆಮೇಲೆ ಚುನಾವಣೆ ಇಲ್ಲದೆ ಐದು ವರ್ಷ ಕಳೆದು, ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂತು. ಅಷ್ಟೂ ವರ್ಷ ಬೀದಿ ದೀಪ ಕೆಟ್ಟರೆ ಹೋಗಿ ಕೇಳೋಕೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಇಂಥ ಊರಲ್ಲಿ ಲಕ್ಷ ಜನ ಕೇಳಿಸಿಕೊಳ್ಳುವ ನಿಮ್ಮ ಪೇಜ್‌ಗೆ ಎಷ್ಟು ಬಲ ಇದೆ ಗೊತ್ತಾ? ನಮ್ಮ ಅಕ್ಕ ಮನೆಮನೆ ತಿರುಗಿ ಹಾಕಿಸಿದ ಸಹಿಗಿಂತ ನಿಮ್ಮ ಒಂದು ಸ್ಟೋರಿಗೆ ಆ ಇಂಜಿನಿಯರ್ ಬೇಗ ಉತ್ತರ ಕೊಡುತ್ತಾರೆ. ಅನ್ಯಾಯವೇ ಅದು, ಆದರೆ ಹಾಗಿದೆ. ಇರುವ ಬಲವನ್ನಾದರೂ ಸರಿಯಾಗಿ ಬಳಸಿ.

ಮತ್ತೆ, ಮೊದಲ ವಿಡಿಯೋದಲ್ಲೇ ಎರಡನೆಯದರ ತಾರೀಕು ಹೇಳಿ. ಅವತ್ತು ಏನೂ ಆಗಿರದಿದ್ದರೆ, ಏನೂ ಆಗಿಲ್ಲ ಅಂತಲೇ ಹೇಳಿ. ಲೈಕ್ ಕಮ್ಮಿ ಬರುತ್ತೆ. ಬರಲಿ. ಎಲ್ಲ ವಿಷಯವನ್ನೂ ಎತ್ತಿಕೊಳ್ಳಬೇಡಿ, ವರ್ಷಕ್ಕೆ ಒಂದು ಸಾಕು.

ನಮ್ಮ ಬೀದಿಯ ಅಕ್ಕನಿಗೆ ಭಾನುವಾರ ಮಾತ್ರ ರಜ. ನಾನು ಈ ಪತ್ರ ಬರೆಯುವ ವಿಷಯ ಅವರಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ. ಕಾವೇರಿ ಸಂಪರ್ಕ ಇನ್ನೂ ಸಿಗದ ಮನೆಗಳ ಪಟ್ಟಿ ಅವರ ಹತ್ತಿರ ಇದೆ. ಯಾವ ಮನೆಯ ಅರ್ಜಿ ಎಲ್ಲಿ ನಿಂತಿದೆ, ಯಾವ ಓನರ್ ಒಪ್ಪಿಲ್ಲ, ಎಲ್ಲ ಬರೆದಿಟ್ಟಿದ್ದಾರೆ. ನಿಮ್ಮಲ್ಲಿ ಯಾರೇ ಬಂದರೂ ಬಿಡಿಸಿ ಹೇಳುತ್ತಾರೆ. ಭಾನುವಾರ ಹನ್ನೊಂದು ಗಂಟೆ ಮೇಲೆ ಬನ್ನಿ, ಬಟ್ಟೆ ಒಗೆದು ಮುಗಿದಿರುತ್ತೆ. ಅರ್ಧ ಗಂಟೆಯಾದರೂ ಮಾತಾಡುತ್ತಾರೆ. ಕತ್ತರಿಸದೆ ಹಾಕಿ.

ಇಂತಿ,
ದಕ್ಷಿಣ ಬೆಂಗಳೂರಿನ ಒಬ್ಬ ಟ್ಯೂಷನ್ ಮಿಸ್